ಓಪಿಟಿಯ ಮೂರು ವರ್ಷ ಎಲ್ಲಿಂದ ಬಂತು?

ನಮ್ಮ ಕ್ಯಾಂಪಸ್‌ನಲ್ಲಿ ಐದನೇ ಸೆಮಿಸ್ಟರ್ ದಾಟಿದವರ ಗುಂಪಿನಲ್ಲಿ ಹತ್ತು ನಿಮಿಷ ಕೂತರೆ ಸಾಕು, 'ಎಂಎಸ್' ಅನ್ನೋ ಮಾತು ಬಂದೇ ಬರತ್ತೆ. ಜಿಆರ್‌ಇ ಬರೀಬೇಕಾ ಬೇಡ್ವಾ, ಲೋನಿಗೆ ಮನೆ ಪತ್ರ ಅಡ ಇಡಬೇಕಾ, ಯಾವ ಯೂನಿವರ್ಸಿಟಿ 'ಸೇಫ್'. ಕೊನೆಗೆ ಯಾರೋ ಒಬ್ಬರು ಲೆಕ್ಕ ಮುಗಿಸಿಬಿಡ್ತಾರೆ: "ಎರಡು ವರ್ಷ ಓದು, ಮೂರು ವರ್ಷ ಓಪಿಟಿ, ಅಷ್ಟರಲ್ಲಿ ಲೋನ್ ತೀರತ್ತೆ ಬಿಡು ಮಗಾ."

ಈ ಲೆಕ್ಕದಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಂಬೋದು ಆ ಮೂರು ವರ್ಷವನ್ನ. ಓಪಿಟಿ ಅಂದ್ರೆ ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್. ಅಮೆರಿಕದಲ್ಲಿ ಎಫ್-1 ವೀಸಾ ಮೇಲೆ ಓದಿದವರು ಡಿಗ್ರಿ ಮುಗಿದ ಮೇಲೆ 12 ತಿಂಗಳು ತಮ್ಮ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ, ಅಂದ್ರೆ 'ಸ್ಟೆಮ್' ಓದಿದವರಿಗೆ ಇನ್ನೂ 24 ತಿಂಗಳು ಸೇರತ್ತೆ. ಒಟ್ಟು 36. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 3.31 ಲಕ್ಷ. ಅದರಲ್ಲಿ 97 ಸಾವಿರಕ್ಕೂ ಹೆಚ್ಚು ಜನ ಓಪಿಟಿಯಲ್ಲಿದ್ದವರು. ಎಚ್-1ಬಿ ವೀಸಾಗೆ ವರ್ಷಕ್ಕೆ ಇರೋದು 65 ಸಾವಿರ ಜಾಗ, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20 ಸಾವಿರ. ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚು ಬರೋದರಿಂದ ಚೀಟಿ ಎತ್ತೋ ಪರಿಸ್ಥಿತಿ. ಹಾಗಾಗಿ ಮೂರು ವರ್ಷ ಓಪಿಟಿ ಅಂದ್ರೆ ಕನಿಷ್ಠ ಮೂರು ಸಲ ಆ ಚೀಟಿ ಡಬ್ಬಿಗೆ ಹೆಸರು ಹಾಕೋ ಅವಕಾಶ. ಒಂದೇ ವರ್ಷ ಇದ್ದಿದ್ದರೆ ಒಂದೇ ಸಲ, ಹೆಚ್ಚಂದ್ರೆ ಎರಡು.

ಈಗ ವಿಷಯಕ್ಕೆ ಬರೋಣ. ಈ 36 ತಿಂಗಳು ಅಮೆರಿಕದ ಸಂಸತ್ತು, ಅಂದ್ರೆ ಕಾಂಗ್ರೆಸ್, ಪಾಸ್ ಮಾಡಿದ ಯಾವ ಕಾಯ್ದೆಯಲ್ಲೂ ಬರೆದಿಲ್ಲ. 1952ರ ವಲಸೆ ಕಾಯ್ದೆಯಲ್ಲಿ ವಿದ್ಯಾರ್ಥಿ ವೀಸಾ ಬಗ್ಗೆ ಇರೋದು ಇಷ್ಟೇ: ಪೂರ್ಣಾವಧಿ ಕೋರ್ಸ್ ಓದೋಕೆ ಮಾತ್ರ, ತಾತ್ಕಾಲಿಕವಾಗಿ ಬರುವ ನಿಜವಾದ ವಿದ್ಯಾರ್ಥಿಗೆ ಈ ವೀಸಾ. ಓದು ಮುಗಿದ ಮೇಲೆ ಕೆಲಸ ಮಾಡಬಹುದಾ ಅನ್ನೋದಕ್ಕೆ ಆ ವಾಕ್ಯ ಬಾಯಿ ಬಿಡಲ್ಲ. ಓಪಿಟಿ ಅನ್ನೋದು ಸರ್ಕಾರಿ ಇಲಾಖೆಯೊಂದು ಮಾಡಿಕೊಂಡ ನಿಯಮ. ಇಲಾಖೆ ಮಾಡಿದ ನಿಯಮ ಇವತ್ತಿಗೂ ಉಳಿದಿದೆ ಅಂದ್ರೆ ಅದು ಕೋರ್ಟ್ ಮೆಟ್ಟಿಲು ಹತ್ತಿ, ಬಿದ್ದು, ಎದ್ದು, ಮತ್ತೆ ಹತ್ತಿ ಉಳಿದಿದೆ. ನಾವು ಹೇಳಹೊರಟಿರೋದು ಆ ಕತೆ.

ಮೊದಲು ಕೋರ್ಟುಗಳ ನಕ್ಷೆ. ನಮ್ಮಲ್ಲಿ ಕರ್ನಾಟಕ ಹೈಕೋರ್ಟ್ ಕೇಂದ್ರದ ಕಾಯ್ದೆಯನ್ನೂ ನೋಡತ್ತೆ, ರಾಜ್ಯದ ಕಾಯ್ದೆಯನ್ನೂ ನೋಡತ್ತೆ, ಮೇಲೆ ಒಂದೇ ಸುಪ್ರೀಂ ಕೋರ್ಟ್. ಅಮೆರಿಕದಲ್ಲಿ ಎರಡು ಸಾಲು ಕೋರ್ಟುಗಳು ಅಕ್ಕಪಕ್ಕ ನಡೀತವೆ. ರಾಜ್ಯಗಳದ್ದು ಒಂದು, ಒಕ್ಕೂಟದ್ದು ಅಂದ್ರೆ ಫೆಡರಲ್ ಕೋರ್ಟುಗಳದ್ದು ಇನ್ನೊಂದು. ವಲಸೆ ಪೂರ್ತಿಯಾಗಿ ಒಕ್ಕೂಟ ಸರ್ಕಾರದ ವಿಷಯ ಆದ್ದರಿಂದ ವೀಸಾ ಜಗಳಗಳೆಲ್ಲ ಫೆಡರಲ್ ಕೋರ್ಟಿಗೆ ಹೋಗ್ತವೆ. ತಳದಲ್ಲಿ 94 ಡಿಸ್ಟ್ರಿಕ್ಟ್ ಕೋರ್ಟುಗಳು, ನಡುವೆ 13 ಮೇಲ್ಮನವಿ ಕೋರ್ಟುಗಳು, ತುದಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್. ನಡುವಿನವಕ್ಕೆ 'ಸರ್ಕ್ಯೂಟ್' ಅಂತ ಹೆಸರು. ಇಸಿ ಬ್ರಾಂಚ್‌ನವರು ಖುಷಿಪಡಬೇಡಿ, ಹಿಂದೆ ನ್ಯಾಯಾಧೀಶರು ಕುದುರೆ ಮೇಲೆ ಊರೂರು ಸುತ್ತಿ ಕೇಸ್ ಕೇಳ್ತಿದ್ದರಲ್ಲ, ಆ ಸುತ್ತು ಅದು. ಈ ಮೂರೂ ಮಟ್ಟದ ನ್ಯಾಯಾಧೀಶರನ್ನ ಅಧ್ಯಕ್ಷರು ಹೆಸರಿಸ್ತಾರೆ, ಸೆನೆಟ್ ಒಪ್ಪತ್ತೆ. ಆಮೇಲೆ ಜೀವನಪೂರ್ತಿ ಹುದ್ದೆ, ನಿವೃತ್ತಿ ವಯಸ್ಸೇ ಇಲ್ಲ. ಅಧ್ಯಕ್ಷರು ನಾಲ್ಕು ವರ್ಷಕ್ಕೊಮ್ಮೆ ಬದಲಾಗ್ತಾರೆ, ಅವರು ಕೂರಿಸಿದ ನ್ಯಾಯಾಧೀಶರು ಮೂವತ್ತು ವರ್ಷ ಇರಬಹುದು.

ಓಪಿಟಿ ಮೊದಲಿಗೆ ಇದ್ದದ್ದು 12 ತಿಂಗಳು ಮಾತ್ರ, 1992ರ ನಿಯಮದ ಪ್ರಕಾರ. 2008ರ ಏಪ್ರಿಲ್‌ನಲ್ಲಿ, ಜಾರ್ಜ್ ಬುಷ್ ಅಧ್ಯಕ್ಷರಾಗಿದ್ದಾಗ, ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಸ್ಟೆಮ್ ಓದಿದವರಿಗೆ ಇನ್ನು 17 ತಿಂಗಳು ಸೇರಿಸಿತು. ಅದನ್ನ ತಂದ ರೀತಿಯಲ್ಲಿ ಒಂದು ಎಡವಟ್ಟಿತ್ತು. ಅಮೆರಿಕದಲ್ಲಿ 1946ರಿಂದ ಆಡಳಿತ ವಿಧಾನ ಕಾಯ್ದೆ ಅಂತ ಒಂದಿದೆ. ಯಾವುದೇ ಇಲಾಖೆ ಹೊಸ ನಿಯಮ ತರೋ ಮುಂಚೆ ಕರಡು ಪ್ರಕಟಿಸಬೇಕು, ಜನರ ಅಭಿಪ್ರಾಯ ಕೇಳಬೇಕು, ಬಂದ ಮುಖ್ಯ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟು ಆಮೇಲೆ ಅಂತಿಮ ನಿಯಮ ಹೊರಡಿಸಬೇಕು. ನಮ್ಮ ಕಡೆ ಗೆಜೆಟ್‌ನಲ್ಲಿ ಕರಡು ಹಾಕಿ "ಆಕ್ಷೇಪಣೆಗಳೇನಾದರೂ ಇದ್ದಲ್ಲಿ" ಅಂತಾರಲ್ಲ, ಹೆಚ್ಚುಕಡಿಮೆ ಅದೇ. ನಿಜವಾದ ತುರ್ತು ಇದ್ದರೆ ಮಾತ್ರ ಇದನ್ನ ಬಿಡಬಹುದು. 2008ರಲ್ಲಿ ಇಲಾಖೆ "ತುರ್ತು" ಅಂತ ಹೇಳಿ ಯಾರನ್ನೂ ಕೇಳದೆ ನಿಯಮ ಜಾರಿ ಮಾಡಿತು.

2014ರಲ್ಲಿ ವಾಷ್‌ಟೆಕ್ ಅನ್ನೋ ತಂತ್ರಜ್ಞಾನ ನೌಕರರ ಸಂಘ ವಾಷಿಂಗ್ಟನ್ ಡಿಸಿಯ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಇಂಥ ಕೇಸ್ ಹಾಕೋರೆಲ್ಲ ನಮ್ಮನ್ನ ಕಂಡರಾಗದ ಖಳನಾಯಕರು ಅನ್ನೋ ಹಾಗೆ ಮಾತು ನಡೆಯತ್ತೆ. ಅವರ ದೂರು ಏನು ಅಂತ ಕೇಳಿದರೆ ಅಷ್ಟು ಸುಲಭ ಅಲ್ಲ. ನಾವು ಅರ್ಜಿ ಹಾಕುವ ಅದೇ ಕೆಲಸಗಳಿಗೆ ಓಪಿಟಿಯವರೂ ಬರ್ತಾರೆ. ಅಲ್ಲಿ ನೌಕರ, ಮಾಲೀಕ ಇಬ್ಬರೂ ಸಂಬಳದ 7.65 ಶೇಕಡಾ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ತೆರಿಗೆ ಕಟ್ಟಬೇಕು, ಓಪಿಟಿಯಲ್ಲಿರೋ ಬಹುಪಾಲು ಜನರ ವಿಷಯದಲ್ಲಿ ಇಬ್ಬರೂ ಕಟ್ಟಬೇಕಿಲ್ಲ. ಹಾಗಾದ್ರೆ ಕಂಪನಿಗೆ ಯಾರು ಅಗ್ಗ? ನಾವು ಅವರ ಜಾಗದಲ್ಲಿದ್ದಿದ್ದರೆ ನಾವೂ ಕೇಳ್ತಿದ್ವಿ.

2015ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಎಲೆನ್ ಹುವೆಲ್ ಅವರ ತೀರ್ಪು ಬಂತು. ಎರಡು ಭಾಗ. ಒಂದು: ಓಪಿಟಿ ಅನ್ನೋ ಕಲ್ಪನೆ ಕಾಯ್ದೆಗೆ ವಿರುದ್ಧ ಅಲ್ಲ, ಇಲಾಖೆ ಮಾಡಿಕೊಂಡ ಅರ್ಥ ಒಪ್ಪತಕ್ಕದ್ದೇ. ಎರಡು: ಆದರೆ 2008ರ ನಿಯಮ ತಂದ ವಿಧಾನ ತಪ್ಪು, ತುರ್ತು ಅಂತ ತೋರಿಸೋಕೆ ಆಗಿಲ್ಲ, ಆದ್ದರಿಂದ ನಿಯಮ ರದ್ದು.

ರದ್ದು ಅಂದ್ರೆ? ಆ 17 ತಿಂಗಳ ಮೇಲೆ ಕೂತಿದ್ದ ಸಾವಿರಾರು ಜನ ಮರುದಿನ ಪೆಟ್ಟಿಗೆ ಕಟ್ಟಬೇಕಾ? ನ್ಯಾಯಾಧೀಶರಿಗೂ ಅದು ಗೊತ್ತಿತ್ತು. ಹಾಗಾಗಿ ನಿಯಮ ರದ್ದು ಮಾಡಿದರೂ ಆ ಆದೇಶ 2016ರ ಫೆಬ್ರವರಿ 12ರವರೆಗೆ ಜಾರಿಗೆ ಬರಲ್ಲ ಅಂತ ತಡೆ ಹಾಕಿದರು. ಸಾಫ್ಟ್‌ವೇರ್ ಕಡೆಯವರಿಗೆ ಇದು ಚೆನ್ನಾಗಿ ಅರ್ಥ ಆಗತ್ತೆ. ಹಳೇ ಎಪಿಐ ತಪ್ಪು ಅಂತ ಗೊತ್ತಾದರೂ ಅದೇ ರಾತ್ರಿ ಸರ್ವರ್ ಆಫ್ ಮಾಡಲ್ಲ, ಇಂಥ ದಿನದೊಳಗೆ ಹೊಸದಕ್ಕೆ ಹೋಗಿ ಅಂತ ಗಡುವು ಕೊಡ್ತಾರೆ. ಇಲಾಖೆ ಓಡೋಡಿ ಅಕ್ಟೋಬರ್‌ನಲ್ಲಿ ಹೊಸ ಕರಡು ಪ್ರಕಟಿಸಿತು. ಐವತ್ತು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಓದಿ ಮುಗಿಸೋಕೆ ಸಮಯ ಸಾಲಲ್ಲ ಅಂತ ಕೋರ್ಟಿಗೆ ಹೋಗಿ ಗಡುವನ್ನ ಮೇ 10ಕ್ಕೆ ಮುಂದೂಡಿಸಿಕೊಂಡಿತು. 2016ರ ಮಾರ್ಚ್‌ನಲ್ಲಿ ಅಂತಿಮ ನಿಯಮ ಬಂತು, ಮೇ 10ಕ್ಕೆ ಜಾರಿ ಆಯಿತು.

ಆ ಹೊಸ ನಿಯಮದಲ್ಲಿ ಎಷ್ಟು ತಿಂಗಳಿತ್ತು ಗೊತ್ತಾ? 24. ಸಂಘ ಕೇಸ್ ಗೆದ್ದಿತು, 17 ತಿಂಗಳು ಬಿದ್ದುಹೋಯಿತು, ಅದರ ಜಾಗಕ್ಕೆ ಏಳು ತಿಂಗಳು ಹೆಚ್ಚಾಗಿ ಬಂತು! ವಿಧಾನ ತಪ್ಪು ಅಂತ ಗೆದ್ದರೆ ಸಿಗೋದು ಇಷ್ಟೇ: ಸರ್ಕಾರ ವಿಧಾನ ಸರಿ ಮಾಡಿಕೊಂಡು ಅದೇ ಕೆಲಸ ಮತ್ತೆ ಮಾಡಬಹುದು, ಇನ್ನೂ ಗಟ್ಟಿಯಾಗಿ ಮಾಡಬಹುದು. ಆದರೆ ಸಂಘದ ಶ್ರಮ ಪೂರ್ತಿ ನೀರಿಗೆ ಬಿತ್ತು ಅನ್ನೋಕಾಗಲ್ಲ. ಹೊಸ ನಿಯಮದಲ್ಲಿ ಕಂಪನಿ ಲಿಖಿತ ತರಬೇತಿ ಯೋಜನೆ ಕೊಡಬೇಕು, ಅಲ್ಲಿನ ನೌಕರರಿಗೆ ಸಮನಾದ ಸಂಬಳ ಕೊಡಬೇಕು ಅನ್ನೋ ಷರತ್ತುಗಳು ಸೇರಿಕೊಂಡವು. ನಮ್ಮ ಸೀನಿಯರ್‌ಗಳು ಗೊಣಗಿಕೊಂಡು ತುಂಬುವ ಐ-983 ಫಾರಂ ಹುಟ್ಟಿದ್ದು ಹೀಗೆ.

ಸಂಘ ಸುಮ್ಮನಾಗಲಿಲ್ಲ. 2016ರಲ್ಲೇ ಮತ್ತೆ ಕೇಸ್. ಈ ಸಲ ನೇರ ಬುಡಕ್ಕೇ ಕೊಡಲಿ: ವಿದ್ಯಾರ್ಥಿ ವೀಸಾ ಓದೋಕೆ ಮಾತ್ರ, ಓದು ಮುಗಿದವರು ವಿದ್ಯಾರ್ಥಿಯೇ ಅಲ್ಲ, ಆದ್ದರಿಂದ ಓಪಿಟಿಯೇ ಅಕ್ರಮ. ಈ ವಾದ ಕೇಳಿದರೆ ಮೊದಲ ನೋಟಕ್ಕೆ ಸರಿ ಅನಿಸತ್ತೆ, ನಿಜ ಹೇಳಬೇಕಂದ್ರೆ. ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಓಪಿಟಿ ಪರವಾಗಿ ಕೋರ್ಟಿಗೆ ಹೇಳಿಕೆ ಕೊಟ್ಟವು. ಕೆಳ ಕೋರ್ಟಲ್ಲಿ ಇಲಾಖೆ ಗೆದ್ದಿತು. ಕೇಸ್ ಡಿಸಿ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿಗೆ ಹೋಯಿತು. 2022ರ ಅಕ್ಟೋಬರ್ 4ರಂದು ಮೂವರು ನ್ಯಾಯಾಧೀಶರ ಪೀಠದಲ್ಲಿ ಇಬ್ಬರು ಓಪಿಟಿ ಪರ, ಒಬ್ಬರು ಭಿನ್ನ.

ಬಹುಮತದ ತೀರ್ಪು ಬರೆದ ನ್ಯಾಯಾಧೀಶೆ ಪಿಲ್ಲಾರ್ಡ್ ಅವರ ತರ್ಕ ಹೀಗಿದೆ. ಕಾಯ್ದೆಯಲ್ಲಿ "ನಿಜವಾದ ವಿದ್ಯಾರ್ಥಿ" ಅನ್ನೋ ವರ್ಣನೆ ಇರೋದು ಯಾರನ್ನ ಒಳಗೆ ಬಿಡಬೇಕು ಅಂತ ಹೇಳೋಕೆ. ಒಳಗೆ ಬಂದ ಮೇಲೆ ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಇರಬಹುದು ಅನ್ನೋದನ್ನ ನಿಯಮ ಮಾಡಿ ತೀರ್ಮಾನಿಸೋ ಅಧಿಕಾರವನ್ನ ಅದೇ ಕಾಯ್ದೆ ಇನ್ನೊಂದು ಕಡೆ ಇಲಾಖೆಗೆ ಕೊಟ್ಟಿದೆ. ಆ ಷರತ್ತುಗಳಿಗೂ ವೀಸಾದ ಉದ್ದೇಶಕ್ಕೂ ಒಂದು ಸಮಂಜಸ ಸಂಬಂಧ ಇರಬೇಕು, ಅಷ್ಟೇ. ಕಲಿತದ್ದನ್ನ ಕೆಲಸದಲ್ಲಿ ಬಳಸಿ ಕಲಿಯೋದು ಓದಿನ ಮುಂದುವರಿಕೆ ತಾನೆ? ಜೊತೆಗೆ 1947ರಿಂದಲೂ ವಿದೇಶಿ ವಿದ್ಯಾರ್ಥಿಗಳಿಗೆ ಒಂದಲ್ಲ ಒಂದು ರೂಪದಲ್ಲಿ ಪ್ರಾಯೋಗಿಕ ತರಬೇತಿ ಕೊಡ್ತಾ ಬಂದಿದ್ದಾರೆ. ಕಾಂಗ್ರೆಸ್ ಈ ಕಾಯ್ದೆಗೆ ಎಷ್ಟೋ ಸಲ ಕೈ ಹಾಕಿದೆ, ಇದನ್ನ ಮಾತ್ರ ಬೇಡ ಅಂದಿಲ್ಲ.

ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲ್ಲ ಅಂದಿತು. ಪತ್ರಿಕೆಗಳಲ್ಲಿ "ಓಪಿಟಿಗೆ ಸುಪ್ರೀಂ ಕೋರ್ಟ್ ಮುದ್ರೆ" ಅಂತೆಲ್ಲ ಓದಿದ ನೆನಪು ಕೆಲವರಿಗಿರಬಹುದು. ಮುದ್ರೆ ಗಿದ್ರೆ ಏನೂ ಇಲ್ಲ. ಅಲ್ಲಿ ಸುಪ್ರೀಂ ಕೋರ್ಟಿಗೆ ಬರುವ ಸಾವಿರಾರು ಅರ್ಜಿಗಳಲ್ಲಿ ವರ್ಷಕ್ಕೆ ಅರವತ್ತು ಎಪ್ಪತ್ತನ್ನು ಮಾತ್ರ ಪೂರ್ತಿ ಕೇಳ್ತಾರೆ. ಮಿಕ್ಕಿದ್ದನ್ನ ಕಾರಣ ಕೊಡದೆ ತಳ್ಳಿಹಾಕ್ತಾರೆ. ತಳ್ಳಿಹಾಕಿದರೆ ಕೆಳಗಿನ ತೀರ್ಪು ಹಾಗೇ ಉಳಿಯತ್ತೆ, ಅದನ್ನ ಒಪ್ಪಿದರು ಅಂತ ಅರ್ಥ ಅಲ್ಲ. ಇನ್ನೊಂದು ಸರ್ಕ್ಯೂಟ್‌ನಲ್ಲಿ ನಾಳೆ ಯಾರಾದರೂ ಇದೇ ಪ್ರಶ್ನೆ ಎತ್ತಿದರೆ ಆ ಕೋರ್ಟು ಬೇರೆ ಉತ್ತರ ಕೊಡಬಹುದು.

ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗೋ ಎಚ್-4 ವೀಸಾದ ಕತೆಯೂ ಇದೇ ದಾರಿಯಲ್ಲಿ ನಡೆದಿದೆ. 2015ರ ಒಂದು ನಿಯಮ, ಗ್ರೀನ್ ಕಾರ್ಡ್ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗೆ ಕೆಲಸ ಮಾಡೋ ಅನುಮತಿ ಕೊಟ್ಟಿತು. ಅದರ ಲಾಭ ಪಡೆದವರಲ್ಲಿ ಬಹುಪಾಲು ಭಾರತದ ಹೆಣ್ಣುಮಕ್ಕಳು, ನಮ್ಮ ಹಾಗೆ ಎಂಜಿನಿಯರಿಂಗ್ ಮಾಡಿ ಮದುವೆಯಾಗಿ ಹೋಗಿ ವರ್ಷಗಟ್ಟಲೆ ಮನೇಲಿ ಕೂತಿದ್ದವರೂ ಅದರಲ್ಲಿದ್ದರು. ತಮ್ಮ ಕೆಲಸ ಎಚ್-1ಬಿಯವರ ಪಾಲಾಯಿತು ಅಂತ ಹೇಳಿದ ಕ್ಯಾಲಿಫೋರ್ನಿಯಾದ ಐಟಿ ನೌಕರರು ಸೇವ್ ಜಾಬ್ಸ್ ಯುಎಸ್‌ಎ ಹೆಸರಲ್ಲಿ ಕೇಸ್ ಹಾಕಿದರು. ಸುಮಾರು ಒಂಬತ್ತು ವರ್ಷ ಎಳೆದು 2024ರ ಆಗಸ್ಟ್‌ನಲ್ಲಿ ಅದೇ ಡಿಸಿ ಸರ್ಕ್ಯೂಟ್, ಓಪಿಟಿ ಕೇಸಿನ ತರ್ಕವನ್ನೇ ಮುಂದಿಟ್ಟು ನಿಯಮ ಉಳಿಸಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಕೇಳಲ್ಲ ಅಂದಿತು. ಓದು ಮುಗಿದವರಿಗಾಗಿ ಬರೆದ ತೀರ್ಪೊಂದು ಯಾರದೋ ಹೆಂಡತಿಯ ಕೆಲಸ ಉಳಿಸತ್ತೆ ಅಂತ ಯಾರು ಅಂದುಕೊಂಡಿದ್ದರು?

ಆದರೆ ಈ ಎರಡು ತೀರ್ಪುಗಳ ನಡುವೆ, 2024ರ ಜೂನ್ 28ರಂದು, ಇಡೀ ಆಟದ ನಿಯಮವನ್ನೇ ಬದಲಿಸಿದ ತೀರ್ಪು ಬಂತು. ಅದಕ್ಕೂ ವೀಸಾಗೂ ಸಂಬಂಧವೇ ಇಲ್ಲ. ಅದು ಮೀನಿನ ಕೇಸ್.

ಅದನ್ನ ಹೇಳೋಕೆ 1984ಕ್ಕೆ ಹೋಗಬೇಕು. ವಾಯುಮಾಲಿನ್ಯ ಕಾಯ್ದೆಯಲ್ಲಿ 'ಸ್ಥಿರ ಮೂಲ' ಅನ್ನೋ ಪದ ಇತ್ತು. ಹೊಸ ಮಾಲಿನ್ಯ ಮೂಲ ಕಟ್ಟಬೇಕಂದ್ರೆ ಕಠಿಣ ಪರವಾನಗಿ ಬೇಕು. ಆದರೆ ಮೂಲ ಅಂದ್ರೆ ಏನು? ಫ್ಯಾಕ್ಟರಿಯ ಒಂದೊಂದು ಬಾಯ್ಲರೂ ಒಂದೊಂದು ಮೂಲವಾ, ಇಲ್ಲಾ ಇಡೀ ಫ್ಯಾಕ್ಟರಿ ಸೇರಿ ಒಂದಾ? ಇಡೀ ಫ್ಯಾಕ್ಟರಿ ಒಂದು ಅಂತಾದ್ರೆ ಒಂದು ಬಾಯ್ಲರ್ ಬದಲಿಸಿ ಹೊಗೆ ಹೆಚ್ಚಾದರೂ ಇನ್ನೊಂದು ಕಡೆ ಕಮ್ಮಿ ಮಾಡಿ ಸರಿದೂಗಿಸಬಹುದು. ಮೆಕ್ಯಾನಿಕಲ್‌ನವರು ಹೇಳಿ, ನೀವು ಕಂಟ್ರೋಲ್ ವಾಲ್ಯೂಮ್ ಎಲ್ಲಿ ಎಳೀತೀರಿ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ ಅಲ್ವಾ? ರೇಗನ್ ಕಾಲದ ಪರಿಸರ ಇಲಾಖೆ ಇಡೀ ಫ್ಯಾಕ್ಟರಿ ಸುತ್ತ ಗೆರೆ ಎಳೆಯಿತು. ಕೇಸ್ ಆಯಿತು. ಷೆವ್ರಾನ್ ಹೆಸರಿನ ಆ ಕೇಸಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಪರ ನಿಂತು ಒಂದು ಸೂತ್ರ ಕೊಟ್ಟಿತು: ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದರೆ, ಇಲಾಖೆ ಮಾಡಿದ ಅರ್ಥ ಸಮಂಜಸವಾಗಿದ್ದರೆ, ಕೋರ್ಟ್ ಅದನ್ನ ಒಪ್ಪಬೇಕು.

ಹಾಸ್ಟೆಲ್ ಭಾಷೆಯಲ್ಲಿ ಹೇಳ್ತೀವಿ. ನಿಯಮ ಪುಸ್ತಕದಲ್ಲಿ "ರಾತ್ರಿ ಯುಕ್ತ ಸಮಯದಲ್ಲಿ ಗೇಟ್ ಮುಚ್ಚತಕ್ಕದ್ದು" ಅಂತಿದೆ. ವಾರ್ಡನ್ ಸರ್ ಒಂಬತ್ತು ಗಂಟೆ ಅಂತಾರೆ. ನಾವು ಪ್ರಿನ್ಸಿಪಾಲರ ಹತ್ತಿರ ಹೋಗ್ತೀವಿ. ಷೆವ್ರಾನ್ ಸೂತ್ರದ ಪ್ರಕಾರ ಪ್ರಿನ್ಸಿಪಾಲರು ಹೇಳೋದು: "ನನಗೆ ಕೇಳಿದರೆ ಹತ್ತು ಅಂತಿದ್ದೆ, ಆದರೆ ಒಂಬತ್ತೂ ಯುಕ್ತವೇ, ಹಾಸ್ಟೆಲ್ ನಡೆಸೋರು ಅವರು, ಹೋಗಿ ಊಟ ಮಾಡಿ." ಮಧ್ಯಾಹ್ನ ಮೂರಕ್ಕೇ ಮುಚ್ಚಿದರೆ ಮಾತ್ರ ಅವರು ತಲೆ ಹಾಕ್ತಾರೆ.

ನಲವತ್ತು ವರ್ಷ ಅಮೆರಿಕದ ಆಡಳಿತ ಈ ಸೂತ್ರದ ಮೇಲೆ ನಡೆಯಿತು. ಸಾವಿರಾರು ತೀರ್ಪುಗಳು ಅದನ್ನ ಬಳಸಿದವು. 2015ರಲ್ಲಿ ನ್ಯಾಯಾಧೀಶೆ ಹುವೆಲ್ ಓಪಿಟಿ ಕಾನೂನುಬದ್ಧ ಅಂದಾಗಲೂ ಹಿಂದೆ ನಿಂತಿದ್ದು ಇದೇ ಷೆವ್ರಾನ್.

ಆಮೇಲೆ ಬಂದವರು ನ್ಯೂಜೆರ್ಸಿಯ ಹೆರಿಂಗ್ ಮೀನು ಹಿಡಿಯೋರು. ದೋಣಿಯಲ್ಲಿ ಒಬ್ಬ ವೀಕ್ಷಕ ಇರಬೇಕು ಅಂತ ಇಲಾಖೆ ಹೇಳಬಹುದು, ಅದು ಕಾಯ್ದೆಯಲ್ಲೇ ಇದೆ. ಅವನ ಸಂಬಳ ಯಾರು ಕೊಡಬೇಕು ಅಂತ ಹೆರಿಂಗ್ ದೋಣಿಗಳ ಮಟ್ಟಿಗೆ ಕಾಯ್ದೆ ಹೇಳಲ್ಲ. ಇಲಾಖೆ "ನೀವೇ ಕೊಡಿ" ಅಂದಿತು, ದಿನಕ್ಕೆ 710 ಡಾಲರ್‌ವರೆಗೆ ಆಗಬಹುದು ಅನ್ನೋ ಅಂದಾಜು. ಲೋಪರ್ ಬ್ರೈಟ್ ಅನ್ನೋ ಈ ಕೇಸ್ ಸುಪ್ರೀಂ ಕೋರ್ಟ್ ತಲುಪಿದಾಗ ಷೆವ್ರಾನ್ ಸೂತ್ರವೇ ಕಟಕಟೆಯಲ್ಲಿತ್ತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ಬಹುಮತದ ತೀರ್ಪು ಅದನ್ನ ರದ್ದು ಮಾಡಿತು. ಕಾಯ್ದೆಗೆ ಅರ್ಥ ಹೇಳೋದು ಕೋರ್ಟಿನ ಕೆಲಸ, 1946ರ ಕಾಯ್ದೆ ಹಾಗೇ ಹೇಳತ್ತೆ, ಅಸ್ಪಷ್ಟವಾಗಿದೆ ಅನ್ನೋ ಒಂದೇ ಕಾರಣಕ್ಕೆ ಇಲಾಖೆಗೆ ಬಾಗಬೇಕಿಲ್ಲ. ಅಂದ್ರೆ ಇನ್ನು ಮುಂದೆ ಪ್ರಿನ್ಸಿಪಾಲರು ವಾರ್ಡನ್ ಮಾತು ಕೇಳಿಸಿಕೊಳ್ಳಬಹುದು, ಆದರೆ ಪುಸ್ತಕ ತೆಗೆದು ಯುಕ್ತ ಸಮಯ ಯಾವುದು ಅಂತ ತಾವೇ ತೀರ್ಮಾನಿಸ್ತಾರೆ.

ಒಂದು ತಮಾಷೆ ನೋಡಿ. 1981ರಲ್ಲಿ ಆ ಬಾಯ್ಲರ್ ನಿಯಮ ತಂದಾಗ ಪರಿಸರ ಇಲಾಖೆಯ ಮುಖ್ಯಸ್ಥೆ ಆಗಿದ್ದವರು ಆನ್ ಗೋರ್ಸಚ್. 2024ರಲ್ಲಿ ಷೆವ್ರಾನ್ ಸಮಾಧಿಗೆ ಮಣ್ಣು ಹಾಕಿ ಪ್ರತ್ಯೇಕ ಸಹಮತದ ತೀರ್ಪನ್ನೂ ಬರೆದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಅವರ ಮಗ. ಇನ್ನೊಂದು, ಕೆಮಿಕಲ್‌ನವರಿಗೆ ಇಷ್ಟ ಆಗೋದು: ಈ ತೀರ್ಪಿಗೆ ಸರಿಯಾಗಿ ಒಂದು ದಿನ ಮುಂಚೆ ವಾಯುಮಾಲಿನ್ಯದ ಬೇರೊಂದು ಕೇಸಲ್ಲಿ ಅದೇ ನ್ಯಾಯಮೂರ್ತಿಗಳು ಬರೆದ ತೀರ್ಪಿನಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು ಅಂತಿರಬೇಕಾದ ಕಡೆ ಐದು ಸಲ ನೈಟ್ರಸ್ ಆಕ್ಸೈಡ್ ಅಂತ ಬಂದಿತ್ತು. ಅದು ನಗೆ ಅನಿಲ, ದಂತವೈದ್ಯರು ಬಳಸೋದು. ಕೋರ್ಟ್ ಆಮೇಲೆ ತಿದ್ದಿತು. ಲೋಪರ್ ಬ್ರೈಟ್‌ನಲ್ಲಿ ಭಿನ್ನಮತ ಬರೆದ ಎಲೆನಾ ಕಗನ್ ಕೇಳಿದ್ದೂ ಇಂಥದ್ದನ್ನೇ. ಅಮೈನೋ ಆಮ್ಲಗಳ ಯಾವ ಸರಪಳಿಯನ್ನ 'ಪ್ರೋಟೀನ್' ಅಂತ ಕರೀಬೇಕು ಅನ್ನೋದನ್ನ ನ್ಯಾಯಾಧೀಶರು ತೀರ್ಮಾನಿಸಬೇಕಾ, ಅದನ್ನೇ ಓದಿದವರಾ? ಎಂಜಿನಿಯರಿಂಗ್ ಓದೋರಾಗಿ ನಮ್ಮ ಒಲವು ಎತ್ತ ಕಡೆ ಅಂತ ಬೇರೆ ಹೇಳಬೇಕಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ಷೆವ್ರಾನ್ ಇದ್ದಾಗ ಸರ್ಕಾರ ಬದಲಾದ ಹಾಗೆಲ್ಲ ಅದೇ ಕಾಯ್ದೆಯ ಅರ್ಥವೂ ಬದಲಾಗ್ತಿತ್ತು.

ನೆಟ್ ನ್ಯೂಟ್ರಾಲಿಟಿ ನೋಡಿ. ಬ್ರಾಡ್‌ಬ್ಯಾಂಡ್ ಅನ್ನೋದು 'ದೂರಸಂಪರ್ಕ ಸೇವೆ'ಯಾ, 'ಮಾಹಿತಿ ಸೇವೆ'ಯಾ? ಮೊದಲನೆಯದಾದರೆ ಎಲ್ಲ ಡೇಟಾವನ್ನೂ ಸಮಾನವಾಗಿ ಸಾಗಿಸಿ ಅಂತ ಕಂಪನಿಗಳಿಗೆ ಕಟ್ಟಪ್ಪಣೆ ಮಾಡಬಹುದು, ಎರಡನೆಯದಾದರೆ ಆಗಲ್ಲ. ಅಲ್ಲಿನ ದೂರಸಂಪರ್ಕ ಆಯೋಗ 2015ರಲ್ಲಿ ಮೊದಲನೆಯದು ಅಂದಿತು, 2017ರಲ್ಲಿ ಎರಡನೆಯದು ಅಂದಿತು, 2024ರಲ್ಲಿ ಮತ್ತೆ ಮೊದಲನೆಯದು. ಮೊದಲ ಎರಡು ಸಲವೂ ಕೋರ್ಟ್ "ಅಸ್ಪಷ್ಟ, ಇಲಾಖೆ ಹೇಳಿದ್ದು ಸಮಂಜಸ" ಅಂತ ಮುಖ್ಯ ಭಾಗವನ್ನ ಒಪ್ಪಿತ್ತು. ಮೂರನೇ ಸಲ ಷೆವ್ರಾನ್ ಇರಲಿಲ್ಲ. 2025ರ ಜನವರಿ 2ರಂದು ಆರನೇ ಸರ್ಕ್ಯೂಟ್ ತಾನೇ ಕಾಯ್ದೆ ಓದಿ, ಅದು ಮಾಹಿತಿ ಸೇವೆ, ಮುಗೀತು ಅಂದಿತು. ಮೀನುಗಾರರ ಕೇಸಿಗೂ ಇಂಟರ್ನೆಟ್ಟಿಗೂ ಆರು ತಿಂಗಳ ಅಂತರ.

ಹಾಗಾದ್ರೆ ಓಪಿಟಿಗೆ? ಸದ್ಯಕ್ಕೆ ಎರಡು ಸಮಾಧಾನ ಇವೆ. ಡಿಸಿ ಸರ್ಕ್ಯೂಟ್ 2022ರಲ್ಲಿ ಷೆವ್ರಾನ್ ಒಂದನ್ನೇ ಊರುಗೋಲು ಮಾಡಿಕೊಳ್ಳದೆ ಕಾಯ್ದೆಯನ್ನ ತಾನೇ ಓದಿ ಅರ್ಥ ಹೇಳಿತ್ತು. ಲೋಪರ್ ಬ್ರೈಟ್ ಆದ ಮೇಲೂ ಎಚ್-4 ಕೇಸಲ್ಲಿ ಆ ತೀರ್ಪಿಗೇ ಬದ್ಧವಾಗಿ ನಡೆಯಿತು. ಆದರೆ ಅದೇ ಬೇಸಿಗೆಯಲ್ಲಿ, 2024ರ ಜುಲೈ 1ರಂದು, ಕಾರ್ನರ್ ಪೋಸ್ಟ್ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ತೆರೆದಿದೆ. ಇಲಾಖೆಯ ನಿಯಮದ ಮೇಲೆ ಕೇಸ್ ಹಾಕೋಕೆ ಆರು ವರ್ಷದ ಮಿತಿ ಇದೆಯಲ್ಲ, ಅದು ನಿಯಮ ಬಂದ ದಿನದಿಂದ ಅಲ್ಲ, ಕೇಸ್ ಹಾಕಿದವರಿಗೆ ಹಾನಿ ಆದ ದಿನದಿಂದ ಎಣಿಕೆ. ಅಂದ್ರೆ 2016ರ ನಿಯಮದ ಮೇಲೂ ಇವತ್ತು ಹೊಸದಾಗಿ ಡಿಗ್ರಿ ಮುಗಿಸಿ ಕೆಲಸ ಸಿಗದ ಒಬ್ಬರು ಬೇರೆ ಸರ್ಕ್ಯೂಟ್‌ನಲ್ಲಿ ಕೇಸ್ ಹಾಕಬಹುದು.

ಕೋರ್ಟಿನ ವೇಗದ ಬಗ್ಗೆ ಒಂದು ಮಾತು. ಮೇಲಿನದನ್ನೆಲ್ಲ ಓದಿದರೆ ಎಲ್ಲವೂ ಎಂಟೊಂಬತ್ತು ವರ್ಷ ಹಿಡಿಯತ್ತೆ ಅನಿಸತ್ತೆ. 2020ರ ಜುಲೈ 6ರಂದು, ಕೋವಿಡ್ ನಡುವೆ, ಪೂರ್ತಿ ಆನ್‌ಲೈನ್ ಕ್ಲಾಸ್ ಇರೋ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಅಂತ ವಲಸೆ ಇಲಾಖೆ ಹೇಳಿತು. 8ಕ್ಕೆ ಹಾರ್ವರ್ಡ್ ಮತ್ತು ಎಂಐಟಿ ಬಾಸ್ಟನ್ನಿನ ಫೆಡರಲ್ ಕೋರ್ಟಿಗೆ ಹೋದವು. 14ಕ್ಕೆ ವಿಚಾರಣೆ ಶುರುವಾಗುವ ಹೊತ್ತಿಗೆ ಸರ್ಕಾರ ಆದೇಶ ಹಿಂದಕ್ಕೆ ತೆಗೆದುಕೊಂಡಿತು. ತೀರ್ಪೇ ಬರಲಿಲ್ಲ, ತೀರ್ಪು ಬರಬಹುದು ಅನ್ನೋದೇ ಸಾಕಾಯಿತು. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನ ಏಕಾಏಕಿ ಮುಚ್ಚಿದಾಗಲೂ ಹಾಗೇ. ವಿದ್ಯಾರ್ಥಿಗಳು ದೇಶದ ಬೇರೆ ಬೇರೆ ಕಡೆ ಕೇಸ್ ಹಾಕಿದರು, ನ್ಯಾಯಾಧೀಶರು ಒಬ್ಬರ ಹಿಂದೆ ಒಬ್ಬರು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು, 25ನೇ ತಾರೀಖಿಗೆ ಸರ್ಕಾರ ದಾಖಲೆಗಳನ್ನ ಮತ್ತೆ ತೆರೀತೀವಿ ಅಂತ ಕೋರ್ಟಿಗೆ ತಿಳಿಸಿತು. ಅಲ್ಲಿ ಒಂದು ಸೂಕ್ಷ್ಮ ಇದೆ. ಒಬ್ಬ ಡಿಸ್ಟ್ರಿಕ್ಟ್ ನ್ಯಾಯಾಧೀಶರ ತಡೆಯಾಜ್ಞೆ ಕೇಸ್ ಹಾಕಿದವರಿಗೆ ಮಾತ್ರವಾ, ದೇಶಕ್ಕೆಲ್ಲವಾ? ಅದೇ ವರ್ಷ ಜೂನ್ 27ರಂದು ಸುಪ್ರೀಂ ಕೋರ್ಟ್, ಕೇಸ್ ಹಾಕಿದವರಿಗೆ ಪೂರ್ಣ ಪರಿಹಾರ ಕೊಡೋಕೆ ಬೇಕಾದದ್ದಕ್ಕಿಂತ ಹೆಚ್ಚಿಗೆ ಹೋಗಬಾರದು ಅಂದಿದೆ. ನಿಯಮವನ್ನೇ ರದ್ದು ಮಾಡೋ ಅಧಿಕಾರದ ಪ್ರಶ್ನೆಯನ್ನ, ಅಂದ್ರೆ 2015ರಲ್ಲಿ ಹುವೆಲ್ ಮಾಡಿದರಲ್ಲ ಅದನ್ನ, ಮುಟ್ಟದೆ ಬಿಟ್ಟಿದೆ. ಹಾಗಾಗಿ "ಕೋರ್ಟ್ ತಡೆ ಕೊಟ್ಟಿದೆ" ಅಂತ ಸುದ್ದಿ ಬಂದರೆ ಯಾವ ಕೋರ್ಟ್, ಯಾರಿಗೆ, ಎಲ್ಲಿವರೆಗೆ ಅಂತ ನೋಡದೆ ಅಪ್ಪ ಅಮ್ಮನಿಗೆ ಫೋನ್ ಮಾಡಬೇಡಿ.

ಇಷ್ಟಾದರೂ ಓಪಿಟಿಗೆ ನಿಜವಾದ ಅಪಾಯ ಕೋರ್ಟಿಂದಲೇ ಬರಬೇಕು ಅಂತೇನಿಲ್ಲ. ಕೋರ್ಟ್ ಹೇಳಿದ್ದು ಇಲಾಖೆ ಓಪಿಟಿ ಕೊಡಬಹುದು ಅಂತ, ಕೊಡಲೇಬೇಕು ಅಂತ ಅಲ್ಲ. ಕೊಟ್ಟ ಕೈಯೇ ಕಿತ್ತುಕೊಳ್ಳಬಹುದು. 2025ರಲ್ಲಿ ಇಲಾಖೆ ತನ್ನ ಕಾರ್ಯಪಟ್ಟಿಯಲ್ಲಿ ಪ್ರಾಯೋಗಿಕ ತರಬೇತಿಯ ನಿಯಮಗಳನ್ನ ಬದಲಿಸೋ ವಿಷಯ ಸೇರಿಸಿದೆ. ಆದರೆ ಹಾಗೆ ಬದಲಿಸಬೇಕಂದ್ರೆ ಅದೇ 1946ರ ಕಾಯ್ದೆ ಅಡ್ಡ ನಿಂತಿರತ್ತೆ: ಕರಡು, ಅಭಿಪ್ರಾಯ, ಉತ್ತರ, ಅಂತಿಮ ನಿಯಮ. ಅಡ್ಡದಾರಿ ಹಿಡಿದರೆ ವಾಷ್‌ಟೆಕ್ ಹಾಕಿದ ಮೊದಲ ಕೇಸನ್ನೇ ಈ ಸಲ ವಿಶ್ವವಿದ್ಯಾಲಯಗಳು ಹಾಕಬಹುದು, ಅದೇ ತೀರ್ಪನ್ನ ಎದುರಿಗಿಟ್ಟು.

ಕರಡು ಬಂದರೆ ಅದಕ್ಕೆ ಅಭಿಪ್ರಾಯ ಬರೆಯೋಕೆ ಅಮೆರಿಕದ ಪ್ರಜೆಯೇ ಆಗಿರಬೇಕಿಲ್ಲ. ಸರ್ಕಾರದ ಪೋರ್ಟಲ್ ಎಲ್ಲರಿಗೂ ತೆರೆದಿರತ್ತೆ, ನಮ್ಮ ಹಾಸ್ಟೆಲ್ ವೈಫೈಯಿಂದಲೂ ಹಾಕಬಹುದು, ವೈಫೈ ನಡೆದರೆ. ಯಾರೋ ಕಳಿಸಿದ ಒಂದೇ ಪ್ಯಾರಾವನ್ನ ಸಾವಿರ ಜನ ಕಾಪಿ ಪೇಸ್ಟ್ ಮಾಡಿದರೆ ಅದು ಒಂದೇ ವಾದ ಅಂತ ಲೆಕ್ಕ, ಒಂದೇ ಉತ್ತರ ಕೊಟ್ಟು ಮುಗಿಸ್ತಾರೆ. ಎಷ್ಟು ಲೋನ್, ಯಾವ ಕೋರ್ಸ್, ಕ್ಲಾಸಲ್ಲಿ ಸಿಗದ ಏನನ್ನ ಕೆಲಸದಲ್ಲಿ ಕಲಿಯೋಕೆ ಆಗತ್ತೆ ಅಂತ ವಿವರವಾಗಿ ಬರೆದದ್ದಕ್ಕೆ ಇಲಾಖೆ ಉತ್ತರ ಕೊಡದೆ ಮುಂದೆ ಹೋದರೆ, ಆ ಖಾಲಿ ಜಾಗವನ್ನೇ ಹಿಡಿದು ವಕೀಲರು ಕೋರ್ಟಲ್ಲಿ ವಾದ ಶುರು ಮಾಡ್ತಾರೆ.